ಹೋಮದ ನಡುವೆ ಎದ್ದವರು

ದೇರೆಬೈಲಿನ ತ್ರಿವಿಕ್ರಮ ಭಟ್ಟರು ಇಪ್ಪತ್ತೆರಡು ವರ್ಷ ಮನೆಮನೆಗಳಲ್ಲಿ ಹೋಮ, ಗೃಹಪ್ರವೇಶ ಮಾಡಿಸಿದವರು. ಮೂರು ತಾಸು ಕೂತಲ್ಲಿಂದ ಏಳದೆ ಮಂತ್ರ ಹೇಳುವುದು ಅವರಿಗೆ ಕಷ್ಟವೆಂದೇ ಅನ್ನಿಸಿರಲಿಲ್ಲ.

ಎರಡು ವರ್ಷದ ಹಿಂದೆ ಎಲ್ಲಿಯದೋ ನೀರು ಕುಡಿದು ಒಂದು ವಾರ ಜ್ವರ ಬಂದು ಭೇದಿಯಾಯಿತು. ಜ್ವರ ಬಿಟ್ಟಿತು, ಭೇದಿ ನಿಂತಿತು. ಹೊಟ್ಟೆ ಮಾತ್ರ ಮೊದಲಿನ ಹಾಗಾಗಲಿಲ್ಲ. ಪಾಯಸವೋ ತುಪ್ಪದ ಊಟವೋ ಇಳಿದು ಅರ್ಧ ಗಂಟೆಯೊಳಗೆ ಕರುಳು ಹಿಂಡುತ್ತಿತ್ತು. ಸ್ಕ್ಯಾನಿಂಗ್ ಮಾಡಿದರು, ಕ್ಯಾಮೆರಾ ಇಳಿಸಿ ನೋಡಿದರು. ಏನೂ ಸಿಗಲಿಲ್ಲ. ಹಾಗಾದರೆ ಇದು ಮನಸ್ಸಿನದ್ದೇ ಎಂದು ನೆಂಟರು ಹೇಳತೊಡಗಿದರು. ಹೆಂಡತಿ ಪಂಕಜಾಕ್ಷಿಗೂ ಒಮ್ಮೊಮ್ಮೆ ಹಾಗೇ ಅನ್ನಿಸಿತು.

ಕೊನೆಗೆ ಡಾಕ್ಟರ್ ಹೇಮಾಕ್ಷಿ ಎಂಬವರು ಇದು ಐಬಿಎಸ್, ಕರುಳು ಬೇಗ ಕೆರಳುವ ತೊಂದರೆ ಎಂದರು. ಬಂದ ಆಹಾರದಲ್ಲಿ ಕೊಬ್ಬು, ಸಕ್ಕರೆ ಇದೆಯೇ ಎಂದು ಗುರುತಿಸುವ ಜೀವಕೋಶಗಳು ಕರುಳಿನ ಗೋಡೆಯಲ್ಲಿವೆ, ಅವು ನರಗಳಿಗೆ ಸುದ್ದಿ ಮುಟ್ಟಿಸುತ್ತವೆ ಎಂದು ವಿವರಿಸಿದರು.

"ಎಲ್ಲರಲ್ಲೂ ಹಾಗೆಯೇ ಭಟ್ರೇ. ನಿಮ್ಮ ನರಗಳು ಆ ಸುದ್ದಿಯನ್ನು ನೋವು ಅಂತ ತಗೊಳ್ತವೆ ಅಂತ ಕಾಣ್ತದೆ. ನಿಮ್ಮ ನೋವು ಸುಳ್ಳಲ್ಲ."

ಮಾತ್ರೆ ಬರೆದರು, ಹಾಲು, ಕೊಬ್ಬು ಕಡಿಮೆ ಮಾಡಲು ಹೇಳಿದರು. ಪೂರ್ತಿ ಗುಣವಾಗುವ ಮಾತು ಆಡಲಿಲ್ಲ.

ಒಳಗೆ ಏನೂ ಹೋಗದಿದ್ದರೆ ಸುದ್ದಿಯೂ ಹೋಗದು ಎಂದು ಭಟ್ಟರು ತಾವೇ ಅರ್ಥ ಮಾಡಿಕೊಂಡರು. ಹೋಮದ ಹಿಂದಿನ ದಿನದಿಂದಲೇ ಉಪವಾಸ ಬಿದ್ದರು. ಹನ್ನೊಂದು ಕಿಲೋ ಇಳಿದರು.

ಬೋಳಾರದ ಒಂದು ಗೃಹಪ್ರವೇಶದ ದಿನ ಆ ಉಪಾಯವೂ ಕೈಕೊಟ್ಟಿತು. ಬೆಳಿಗ್ಗೆ ಅವರಿಗೆ ತಲೆ ಸುತ್ತಿದ್ದನ್ನು ಕಂಡು ಮನೆಯೊಡತಿ ಒತ್ತಾಯದಿಂದ ಒಂದು ಲೋಟ ಬಿಸಿಹಾಲು ಕುಡಿಸಿದ್ದರು. ಹೋಮದ ನಡುವೆ ಭಟ್ಟರು ಶೌಚಕ್ಕೆ ಎದ್ದು ಹೋಗಬೇಕಾಯಿತು. ಹಾಗೆ ಹೋದವರು ಮಿಂದು ಮಡಿಯುಟ್ಟೇ ಮತ್ತೆ ಕೂರಬೇಕು. ಮಿಂದು ಬಂದು ಕೂತರು, ಮತ್ತೆ ಎದ್ದರು. ಮೂರನೆಯ ಸಲ ಒದ್ದೆ ಮೈಯಲ್ಲಿ ಬಚ್ಚಲಿನಿಂದ ಹೊರಬಂದಾಗ, ಸಹಾಯಕ್ಕೆ ಬಂದಿದ್ದ ಅವರ ತಮ್ಮ ಸುಘೋಷ, ಭಟ್ಟರ ಮಣೆಯಲ್ಲಿ ಕೂತು ಮಂತ್ರ ಮುಂದುವರಿಸಿದ್ದ. ನೆರೆದವರು ಬೇರೆಲ್ಲೋ ನೋಡುತ್ತ ದಾರಿ ಬಿಟ್ಟರು.

ಮನೆಗೆ ಬಂದ ಭಟ್ಟರು ಹೆಂಡತಿಗೆ, "ಇನ್ನು ನನ್ನಿಂದ ಆಗುವುದಿಲ್ಲ ಮಾರಾಯ್ತಿ," ಎಂದರು.

"ನಿಮಗೆ ಬೇರೆ ಎಂತ ಕೆಲಸ ಗೊತ್ತುಂಟು?" ಎಂದು ಕೇಳಿದ ಪಂಕಜಾಕ್ಷಿ, ಯಾಕಾದರೂ ಕೇಳಿದೆನೋ ಎಂದು ತಾನೇ ಅತ್ತಳು.

ಈಗ ಯಾರಾದರೂ ಕರೆದರೆ ಭಟ್ಟರು ಸುಘೋಷನ ನಂಬರ್ ಕೊಡುತ್ತಾರೆ. ಮಾತ್ರೆಯಿಂದ ನೋವು ಸ್ವಲ್ಪ ತಗ್ಗಿದೆ, ಉಣ್ಣುವ ಹೆದರಿಕೆ ತಗ್ಗಿಲ್ಲ. ಮಗಳು ಅನಘ ಕಾಲೇಜಿಗೆ ಹೊರಡುವ ಹೊತ್ತಿಗೆ ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಕೂತಿರುತ್ತಾರೆ. ಪಂಪ್‌ವೆಲ್‌ನಲ್ಲಿ ಬಸ್ಸಿಳಿದು ಅವಳು ಫೋನ್ ಮಾಡಿ ಊಟ ಆಯಿತೇ ಎಂದರೆ, ಆಯಿತು ಎನ್ನುತ್ತಾರೆ. ಗಂಜಿ ಆರಿ ಕೆನೆಗಟ್ಟಿರುತ್ತದೆ.