ನೋವಿಗೆ ಏನು ಕೊಡ್ತೀರಿ?

ಮಹಡಿ ಮನೆಯ ಶೈಲಾ ಹೋದ ವಾರ ರಕ್ತ ಪರೀಕ್ಷೆ ಮುಗಿಸಿಕೊಂಡು ನೇರ ನಮ್ಮ ಅಡುಗೆಮನೆಗೆ ಬಂದಳು. ತೋಳಿಗೆ ಅಂಟಿಸಿದ್ದ ಹತ್ತಿಯಿಂದ ಸ್ಪಿರಿಟ್ಟಿನ ವಾಸನೆ. ಬಾಗಲಕೋಟೆ ಕಡೆಯವಳು, ಗಂಡನ ಜೊತೆ ನಮ್ಮಲ್ಲಿ ಬಾಡಿಗೆಗಿದ್ದಾಳೆ.

“ಆಂಟಿ, ಮುಂದಿನ ವಾರ ಟ್ಯೂಬ್ ಟೆಸ್ಟ್ ಅಂತ್ರಿ. ಭಾಳ ನೋಯ್ತದೇನ್ರಿ?”

ಒಲೆಯ ಮೇಲಿನ ಒಗ್ಗರಣೆ ಸೀದುಹೋಯಿತು. ಆ ಸ್ಪಿರಿಟ್ಟಿನ ವಾಸನೆ, ಆ ಪ್ರಶ್ನೆ ಎರಡೂ ನನ್ನನ್ನು ಎಷ್ಟೋ ವರ್ಷ ಹಿಂದಿನ ಜಯನಗರದ ಒಂದು ಎಕ್ಸ್-ರೇ ಕೋಣೆಗೆ ಎಳೆದೊಯ್ದಿದ್ದವು.

ಗರ್ಭನಾಳ ತೆರೆದಿದೆಯೇ ಎಂದು ನೋಡಲು ಗರ್ಭಕೋಶದೊಳಗೆ ಔಷಧಿ ಬಿಟ್ಟು ಚಿತ್ರ ತೆಗೆಯುತ್ತಾರೆ. “ಮುಟ್ಟಿನ ನೋವಿನ ಥರ, ಅಷ್ಟೇ” ಎಂದಿದ್ದರು ಡಾಕ್ಟರು. ನಾನೋ ಇರುವೆ ಕಚ್ಚಿದರೂ ಬೀದಿಗೆಲ್ಲ ಕೇಳಿಸುವವಳು. ಆದರೂ ಅವತ್ತು ಒಳ್ಳೆಯ ರೋಗಿ ಅನ್ನಿಸಿಕೊಳ್ಳುವ ಹಟಕ್ಕೆ ತುಟಿ ಕಚ್ಚಿ ಮಲಗಿದೆ. ಔಷಧಿ ಒಳಗೆ ನುಗ್ಗಿದಾಗ ಹೊರಬಿದ್ದ ಚೀರು ನನ್ನದೆಂದು ನನಗೇ ಗೊತ್ತಾಗಲಿಲ್ಲ.

ಬಾಗಿಲು ತಳ್ಳಿಕೊಂಡು ಒಳಗೆ ಬಂದವರು ನಮ್ಮತ್ತೆ. ಚಿಕ್ಕಲಸಂದ್ರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆದವರು. ಮೊಮ್ಮಗು ಬೇಕೆಂದು ನನ್ನನ್ನು ಈ ಪರೀಕ್ಷೆಗೆ ಹೊರಡಿಸಿದವರೂ ಅವರೇ ಎಂಬುದನ್ನು ನೀವು ಮರೆಯಬಾರದು.

“ನಿಲ್ಸಮ್ಮ. ಹಲ್ಲು ಕೀಳೋಕೂ ಸೂಜಿ ಚುಚ್ಚಿ ಮರಗಟ್ಟಿಸ್ತೀರ. ಇದಕ್ಯಾಕಿಲ್ಲ?”

“ಈಗ ನಿಲ್ಸಿದ್ರೆ ಮತ್ತೆ ಮೊದ್ಲಿಂದ ಮಾಡ್ಬೇಕು ಅಜ್ಜಿ. ಮಗು ಬೇಡ್ವಾ?” ಎಂದರು ಡಾಕ್ಟರು.

“ಮಗು ಆಮೇಲೆ. ಮೊದ್ಲು ನನ್ ಸೊಸೆ.”

ಮುಂದಿನ ತಿಂಗಳು ಬೇರೆ ಕಡೆ, ನೋವಿಗೆ ಔಷಧಿ ಕೊಟ್ಟೇ ಪರೀಕ್ಷೆ ಮಾಡಿದರು. ಎರಡೂ ನಾಳ ಮುಚ್ಚಿದ್ದವು. ಮಗುವಾಗಲಿಲ್ಲ. ಅತ್ತೆ ಬದುಕಿರುವವರೆಗೆ ಆ ಮಾತು ಎತ್ತಲಿಲ್ಲ, ಎತ್ತಿದ ನೆಂಟರನ್ನು ಕೂರಲು ಬಿಡಲಿಲ್ಲ.

ಇದನ್ನೆಲ್ಲ ಶೈಲಾಗೆ ಮುಚ್ಚುಮರೆಯಿಲ್ಲದೆ ಹೇಳಿದೆ. “ಕೆಲವರಿಗೆ ಅಷ್ಟೇನೂ ನೋಯಲ್ಲ. ಕೆಲವರಿಗೆ ತಡೆಯಕ್ಕಾಗಲ್ಲ. ನೀನು ಯಾವ ಥರದವಳೋ ಮೊದ್ಲೇ ಗೊತ್ತಾಗಲ್ಲ. ಅದಕ್ಕೇ ಕೇಳ್ಬೇಕು. ನಾನೂ ಬರ್ತೀನಿ.”

ಇವತ್ತು ಇಬ್ಬರೂ ಹೋದೆವು. “ಐದೇ ನಿಮಿಷ ಮೇಡಂ, ಎಲ್ರೂ ತಡ್ಕೋತಾರೆ” ಎಂದಳು ಒಳಗೆ ಕರೆದ ನರ್ಸ್. ಜಗಳಕ್ಕೆಂದು ವಾರದಿಂದ ಮಾತು ಜೋಡಿಸಿಕೊಂಡಿದ್ದ ನಾನು ಬಾಯಿ ತೆರೆಯುವಷ್ಟರಲ್ಲಿ ಶೈಲಾ ಎದ್ದು ನಿಂತಿದ್ದಳು.

“ನಾ ತಡ್ಕೊಳ್ಳಂಗಿಲ್ರಿ. ನೋವಿಗೆ ಏನ್ ಕೊಡ್ತೀರಿ, ಮೊದಲ ಹೇಳ್ರಿ.”

ಡಾಕ್ಟರೇ ಹೊರಗೆ ಬಂದರು. ಮಾತ್ರೆ ಕೊಟ್ಟು, ಅದು ಹತ್ತುವವರೆಗೆ ಕಾಯಿಸಿ, ಮರಗಟ್ಟಿಸುವ ಇಂಜೆಕ್ಷನ್ನನ್ನೂ ಕೊಡುವುದಾಗಿ ಹೇಳಿದರು. ನೋವು ಹೆಚ್ಚಾದರೆ ಕೈ ಎತ್ತು, ನಿಲ್ಲಿಸುತ್ತೇನೆ ಎಂದರು. ನನ್ನ ಜಗಳ ಹಾಗೇ ಉಳಿಯಿತು.

ಶೈಲಾ ಮುಖ ಬಿಳಿಚಿಕೊಂಡು, ಆದರೆ ತಾನೇ ನಡೆದುಕೊಂಡು ಹೊರಗೆ ಬಂದಳು. “ನೋವಾತ್ರಿ ಆಂಟಿ. ಆದ್ರ ಚೀರೂವಷ್ಟಲ್ಲ.”

ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದ ಹೆಂಗಸು ಮೆಲ್ಲಗೆ ನಮ್ಮ ಕಡೆ ವಾಲಿದಳು. “ಅಕ್ಕ, ಆ ಇಂಜೆಕ್ಷನ್ ನಂಗೂ ಕೊಡ್ತಾರಾ?”

“ಕೇಳ್ರಿ” ಎಂದಳು ಶೈಲಾ.

ಆಕೆ ಸೆರಗು ಸರಿಪಡಿಸಿಕೊಂಡು ಡಾಕ್ಟರ ಬಾಗಿಲು ತಟ್ಟಿದಳು. ಆಟೋ ಕರೆಯಲು ತೆಗೆದಿದ್ದ ಫೋನನ್ನು ನಾನು ಮತ್ತೆ ಚೀಲದೊಳಗಿಟ್ಟೆ. ಆಕೆ ಹೊರಗೆ ಬರುವವರೆಗೆ ನಾವಿಬ್ಬರೂ ಅಲ್ಲೇ ಕೂತೆವು.