ಮಗ್ಗದ ಗುಂಡಿ ಇದ್ದ ಮನೆ

ಮೊಳಕಾಲ್ಮುರು ಹತ್ತಿರದ ನೇಕಾರರ ಹಳ್ಳಿಯಲ್ಲಿ ನಮಗೆ ಬಾಡಿಗೆಗೆ ಸಿಕ್ಕ ಮನೆಯ ನಡುವೆ ಸೊಂಟದಾಳದ ಗುಂಡಿ ಇತ್ತು. ಮಗ್ಗದ ಗುಂಡಿ, ನೇಯುವವರು ಕಾಲು ಇಳಿಬಿಟ್ಟು ಕೂರುವ ಜಾಗ. ಮಗ್ಗ ಮಾರಿಹೋಗಿತ್ತು. ಗುಂಡಿ ಮಾತ್ರ ಮುಚ್ಚಬೇಡಿ ಎಂದಿದ್ದರು ಮನೆಯ ಮಾಲೀಕರು. ಮೇಲೆ ಎರಡು ಹಲಗೆ ಹಾಸಿ ಸಂಸಾರ ಶುರು ಮಾಡಿದೆವು. ಕಡಲ ಬದಿಯ ನಮ್ಮೂರು ಕುಮಟೆಯಲ್ಲಿ ಹಿತ್ತಲು ಸ್ವಲ್ಪ ಅಗೆದರೆ ನೀರು. ಇಲ್ಲಿ ಗುಂಡಿಯ ತಳ ಮಳೆಗಾಲದಲ್ಲೂ ಒಣಗಿಕೊಂಡೇ ಇರುತ್ತಿತ್ತು, ಆದರೆ ತಣ್ಣಗೆ. ಹೆಂಡತಿ ತನ್ನ ಐಸ್ ತುಂಬಿದ ಲಸಿಕೆಯ ಡಬ್ಬ ಅಲ್ಲಿಡುತ್ತಿದ್ದಳು.

ಬಂದದ್ದೇ ಅವಳ ಕೆಲಸದ ಹಿಂದೆ. ಸುಮಿತ್ರಾ ಸರ್ಕಾರಿ ನರ್ಸ್, ಮನೆ ಮನೆ ತಿರುಗಿ ಬಸುರಿ ಬಾಣಂತಿಯರನ್ನು ನೋಡುವವಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ದೋಣಿ ಇಂಜಿನ್ ರಿಪೇರಿ ಕಲಿತವನು. ಇಲ್ಲಿ ದೋಣಿ ಎಲ್ಲಿಂದ ಬರಬೇಕು? ಬಾಷಾ ಭಾಯ್ ಗ್ಯಾರೇಜು ಸೇರಿದೆ. ಚಳ್ಳಕೆರೆಯಿಂದಲೂ ಇಂಜಿನ್ ಹೊತ್ತು ನನ್ನನ್ನು ಹುಡುಕಿಕೊಂಡು ಬರುವಂತಾಯಿತು. ಆದರೂ ಹಳ್ಳಿಯಲ್ಲಿ ನಾನು ಸಿಸ್ಟರಮ್ಮನ ಗಂಡ. ಕುಮಟೆಯಲ್ಲಿ ನನಗೊಂದು ಹೆಸರಿತ್ತು.

ಮುದ್ದೆ ಅಗಿಯದೆ ನುಂಗುವುದನ್ನು ಕಲಿತೆ. ಕೆರೆ ಮೀನಿನ ಮಣ್ಣು ವಾಸನೆ ಮಾತ್ರ ಕೊನೆಗೂ ಒಗ್ಗಲಿಲ್ಲ. ನೇಕಾರರ ಮನೆಗಳಲ್ಲಿ ತೆಲುಗು. ಮುದುಕಿಯರಿಗೆ ಕನ್ನಡ ಅಷ್ಟಾಗಿ ಬಾರದು, ಸುಮಿತ್ರಾಗೆ ತೆಲುಗು ಬಾರದು. ಗ್ಯಾರೇಜಿನಲ್ಲಿ ಆರೇ ತಿಂಗಳಿಗೆ ತೆಲುಗು ಕಲಿತೆ ಅಂತ ನನಗೆ ಹೆಮ್ಮೆ. ರಜೆಯ ದಿನ ಅವಳನ್ನು ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಹೋಗಿ ಅವರ ತೆಲುಗನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ.

ಲಕ್ಷ್ಮಮ್ಮ ಎಂಬ ಮುದುಕಿಯ ಮನೆಯಲ್ಲಿ, ಸೊಸೆ ಹೇಗಿದ್ದಾಳೆ ಎಂದು ಕೇಳಿದರೆ "ನೀಳ್ಳೋಸುಕುಂದಿ" ಎಂದಳು. ನೀಳ್ಳು ಅಂದರೆ ನೀರು, ನೀರು ಸುರಿದುಕೊಂಡಳು. ಸ್ನಾನಕ್ಕೆ ಹೋಗಿದ್ದಾಳಂತೆ ಎಂದೆ. ಸೊಸೆ ಹೊರಗೆ ಬರಲಿಲ್ಲ. ಮುಂದಿನ ತಿಂಗಳು ಅದೇ ಮಾತು, ಅದರ ಮುಂದಿನ ತಿಂಗಳೂ ಅದೇ. ಮೂರು ದಿನಕ್ಕೊಮ್ಮೆ ನಲ್ಲಿ ಬರುವ ಊರಲ್ಲಿ ಇದೆಂಥ ಸ್ನಾನ ಎಂದು ನಕ್ಕು ಮುಂದಿನ ಮನೆಗೆ ಹೋದೆವು.

ಅದನ್ನೇ ತಮಾಷೆಯಾಗಿ ಬಾಷಾ ಭಾಯ್‌ಗೆ ಹೇಳಿದೆ. ಆತ ನಗಲಿಲ್ಲ, ಬೋಲ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟ.

"ಸ್ನಾನ ಅಲ್ಲಲೇ. ಸೊಸೆ ಬಸುರಿ ಆಗ್ಯಾಳೆ ಅಂತ ಹೇಳ್ತೈತೆ ಆಯಮ್ಮ."

ಕೈಯ ಗ್ರೀಸನ್ನೂ ಒರೆಸಿಕೊಳ್ಳದೆ ಹೋಗಿ ಸುಮಿತ್ರಾಗೆ ಹೇಳಿದೆ. ಇಬ್ಬರೂ ಲಕ್ಷ್ಮಮ್ಮನ ಮನೆಗೆ ಓಡಿದೆವು. ಸೊಸೆಯ ಕಾಲು ಊದಿತ್ತು, ಬಿಪಿ ಏರಿತ್ತು. ಹಾಕಬೇಕಾಗಿದ್ದ ಸೂಜಿ ಅಷ್ಟು ದಿನ ನಮ್ಮ ಮನೆಯ ಗುಂಡಿಯಲ್ಲೇ ಇತ್ತು. "ಮೂಡು ಸಾರ್ಲು ಚೆಪ್ತಿನಿ ಕದಮ್ಮಾ" ಎಂದಳು ಲಕ್ಷ್ಮಮ್ಮ. ಮೂರು ಸಲ ಹೇಳಿದೆನಲ್ಲಮ್ಮ ಎಂದು. ನರ್ಸಮ್ಮ ಕೇಳಿಸಿಕೊಂಡೂ ಹೊರಟುಹೋಗುತ್ತಾಳೆ ಅಂತ ಆಕೆ ತಿಳಿದಿದ್ದಳು. ಹುಡುಗಿಯನ್ನು ಬಾಷಾ ಭಾಯ್ ವ್ಯಾನಿನಲ್ಲಿ ಚಿತ್ರದುರ್ಗದ ಆಸ್ಪತ್ರೆಗೆ ಸಾಗಿಸಿದೆವು. ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ತಾಯಿ ಉಳಿದಳು. ಕೂಸು ಉಳಿಯುತ್ತದೋ ಇಲ್ಲವೋ ಎಂಬುದು ವಾರದ ತನಕ ಗೊತ್ತಾಗಲಿಲ್ಲ, ಅದೂ ಉಳಿಯಿತು.

ಸುಮಿತ್ರಾ ಬೈಯಲಿಲ್ಲ. "ಗೊತ್ತಿಲ್ದಿದ್ರೆ ಗೊತ್ತಿಲ್ಲ ಹೇಳಿ" ಎಂದಳು, ಅಷ್ಟೇ. ಅಂಥ ಮಾತನ್ನು ನಾನು ಯಾರಿಂದಲೂ ಕೇಳಿಸಿಕೊಂಡವನಲ್ಲ. ಆಮೇಲೆ ಲಕ್ಷ್ಮಮ್ಮನ ಜಗಲಿಯಲ್ಲಿ ಕೂತು ತೆಲುಗನ್ನು ಮೊದಲಿನಿಂದ ಕಲಿತೆ. ನಾನು ಹೋದಾಗಲೆಲ್ಲ ಮುದುಕಿ, ಸ್ನಾನ ಆಯ್ತಾ ಅಂತ ಕೇಳಿ ಬೀದಿಯವರನ್ನೆಲ್ಲ ನಗಿಸುತ್ತಿದ್ದಳು.

ಎರಡು ವರ್ಷದ ಮೇಲೆ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನ್ ಮಾಡಿದೆ. ಸಂತೋಷದಲ್ಲಿ ಬಾಯಿಗೆ ಮೊದಲು ಬಂದದ್ದು ಇಲ್ಲಿಯ ಮಾತೇ: ಅಮ್ಮಾ, ಸುಮಿತ್ರಾ ನೀರು ಹಾಕಿಕೊಂಡಿದ್ದಾಳೆ.

"ಮಿಂದದ್ದು ಹೇಳೂಕೆ ಫೋನ್ ಮಾಡ್ದ್ಯನೋ?" ಎಂದಳು ಅಮ್ಮ.

ನಮ್ಮೂರ ಮಾತಿನಲ್ಲಿ ಇನ್ನೊಮ್ಮೆ ಹೇಳಿದೆ. ಹಾಗಾದರೆ ಹೆರಿಗೆಗೆ ಮನೆಗೇ ಕರೆದುಕೊಂಡು ಬಾ, ಕೂಸು ಇಲ್ಲೇ ಬೆಳೆಯಲಿ ಎಂದಳು. ಹೂಂ ಎಂದೆ. ಬೂತಿನಿಂದ ನೆಟ್ಟಗೆ ಬಡಗಿಯ ಅಂಗಡಿಗೆ ಹೋಗಿ, ಅಂಬೆಗಾಲಿಡುವ ಮಗು ಬೀಳದ ಹಾಗೆ ಗುಂಡಿಗೆ ಗಟ್ಟಿ ಹಲಗೆ ಬೇಕು ಎಂದು ಅಳತೆ ಕೊಟ್ಟು ಬಂದೆ.