ನಲವತ್ತೊಂದನೆಯ ಸಾಲು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಶೀಟಕ್ಕ ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ಸಂಬಳದ ಚೀಟಿಯಲ್ಲಿತ್ತು. ಅದನ್ನು ಓದುತ್ತಿದ್ದವಳು ಅವಳೊಬ್ಬಳೇ. ಇಂಟರ್ನೆಟ್ಟಿನಲ್ಲಿ ಯಾರಾದರೂ ಏನಾದರೂ ಹುಡುಕಿದರೆ ಮೇಲ್ಗಡೆ ಜಾಹೀರಾತು ಬರುತ್ತದಲ್ಲ, ಅಂಥವನ್ನು ಸಣ್ಣಪುಟ್ಟ ಅಂಗಡಿಯವರ ಪರವಾಗಿ ಹಾಕಿಸಿಕೊಡುವ ಆಫೀಸು ಅದು. ಯಾವ ಪದಕ್ಕೆ ಯಾವ ಜಾಹೀರಾತು ಎಷ್ಟು ಸಲ ಕಾಣಿಸಿತು, ಎಷ್ಟು ಜನ ಅದನ್ನು ಒತ್ತಿದರು ಎಂಬುದನ್ನು ದಿನವೂ ಶೀಟಿಗೆ ಇಳಿಸುವುದು ಶೀಟಕ್ಕನ ಕೆಲಸ. ಎಡಗಡೆಯ ಪರದೆಯಲ್ಲಿ ಅಂಕಿ, ಬಲಗಡೆಯ ಪರದೆಯಲ್ಲಿ ಶೀಟು, ನಡುವೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತ ಶೀಟಕ್ಕ. ಹೀಗೆ ಹನ್ನೊಂದು ವರ್ಷ.

ಬೇರೆ ದಾರಿ ಇರಲಿಲ್ಲ ಎಂದಲ್ಲ. ಫೈಲು ಡೌನ್‌ಲೋಡ್ ಮಾಡಿ ಹಾಗೇ ಅಂಟಿಸಬಹುದಿತ್ತು. ಒಮ್ಮೆ ಮಾಡಿಯೂ ನೋಡಿದ್ದಳು. ತಾರೀಖು ತಿಂಗಳಾಗಿ, ತಿಂಗಳು ತಾರೀಖಾಗಿ, ಮಾರ್ಚ್ ಐದರ ಅಂಕಿಗಳೆಲ್ಲ ಮೇ ಮೂರಕ್ಕೆ ಹೋಗಿ ಹಾಯಾಗಿ ಕುಳಿತಿದ್ದವು. ಅವನ್ನು ಎಳೆದು ತರುವಷ್ಟರಲ್ಲಿ ಅರ್ಧ ದಿನ ಹೋಯಿತು. ದಿನಾ ಬೆಳಿಗ್ಗೆ ಮೇಲ್‌ನಲ್ಲಿ ವರದಿ ಬರುವ ಹಾಗೆ ಮಾಡಿಕೊಳ್ಳಿ ಎಂದು ಇನ್ನೊಬ್ಬರು ಹೇಳಿದರು. ಬಂದ ಮೇಲ್ ತೆರೆದು ಮತ್ತೆ ನಾನೇ ಇಳಿಸಬೇಕಲ್ಲ, ಅದಕ್ಕೆ ಅದ್ಯಾಕೆ ಎಂದು ಅದನ್ನೂ ಬಿಟ್ಟಳು. ಅವಳ ನಂಬಿಕೆ ಅವಳ ಎರಡು ಕಣ್ಣು ಮತ್ತು ಹತ್ತು ಬೆರಳುಗಳ ಮೇಲೆ ಮಾತ್ರ.

ಅಸಲಿ ಕಾರಣ ಬೇರೆ ಇತ್ತು. ಕೈಯಲ್ಲಿ ಇಳಿಸುವಾಗ ಪ್ರತಿಯೊಂದು ಸಾಲನ್ನೂ ಓದಬೇಕು, ಮತ್ತು ಆ ಸಾಲುಗಳಲ್ಲಿ ಜನರಿದ್ದರು. ಮೂರನೇ ಮಹಡಿಯ ಅವಳ ಎರಡು ಕೋಣೆಯ ಮನೆಯಲ್ಲಿ ಯಾರೂ ಇರಲಿಲ್ಲ. ಮದುವೆ ಒಂದು ಆಗಿತ್ತು, ನಿಲ್ಲಲಿಲ್ಲ. ಅದರ ಬಗ್ಗೆ ಅವಳು ಮಾತಾಡುವುದಿಲ್ಲ, ನಾವೂ ಕೆದಕುವುದು ಬೇಡ. ತೀರಿಕೊಂಡ ಅಮ್ಮನ ಗುರುತಿಗೆ ಕೀಲಿ ಕೊಡುವ ಗೋಡೆ ಗಡಿಯಾರವೊಂದಿತ್ತು. ಎರಡು ಕುರ್ಚಿಗಳಿದ್ದವು. ಒಂದರ ಮೇಲೆ ಅವಳು ಕೂರುತ್ತಿದ್ದಳು, ಇನ್ನೊಂದರ ಮೇಲೆ ಇಸ್ತ್ರಿಯಾದ ಬಟ್ಟೆ ಕೂರುತ್ತಿತ್ತು.

ನಲವತ್ತೊಂದನೆಯ ಸಾಲು ಒಬ್ಬ ಗಡಿಯಾರ ರಿಪೇರಿಯವರದು. ಎಪ್ಪತ್ತು ದಾಟಿದವರು, ನಾಲ್ಕು ಬಸ್ ಸ್ಟಾಪು ಆಚೆ ಸಣ್ಣ ಅಂಗಡಿ. ಶೀಟಕ್ಕ ಅವರನ್ನು ಕಂಡಿರಲಿಲ್ಲ, ಫೋನಿನಲ್ಲಷ್ಟೇ ಪರಿಚಯ. ಎಂಟು ತಿಂಗಳ ಹಿಂದೆ ಜಾಹೀರಾತು ಶುರು ಮಾಡುವಾಗ, ಯಾವ ಪದಕ್ಕೆ ಬರಬೇಕು ಎಂದು ಕೇಳಿದ್ದಕ್ಕೆ, ಬಿಡಿಸಿ ಬಿಡಿಸಿ ಹೇಳಿ ಬರೆಸಿದ್ದರು: ಹಳೇ ಗೋಡೆ ಗಡಿಯಾರ ಮನೆಗೆ ಬಂದು ರಿಪೇರಿ ಮಾಡುವವರು. ಇಷ್ಟುದ್ದ ಯಾರು ಟೈಪ್ ಮಾಡುತ್ತಾರೆ ಎಂದು ಆಫೀಸೆಲ್ಲ ನಕ್ಕಿತ್ತು.

ಆದರೆ ಯಾರೋ ಮಾಡುತ್ತಿದ್ದರು. ದಿನಕ್ಕೆ ಸರಿಯಾಗಿ ಒಂದು ಸಲ. ಕಾಣಿಸಿದ್ದು ಒಂದು, ಒತ್ತಿದ್ದು ಸೊನ್ನೆ. ಶನಿವಾರ, ಭಾನುವಾರದ್ದನ್ನು ಸೇರಿಸಿ ಒಟ್ಟಿಗೆ ಸೋಮವಾರ ಇಳಿಸುವುದು ಶೀಟಕ್ಕನ ಪದ್ಧತಿ. ಆ ಎರಡು ದಿನಕ್ಕೆ ಸೇರಿ ಒಂದು.

ಶೀಟಕ್ಕನ ಮನಸ್ಸಿನಲ್ಲಿ ಅಲ್ಲೊಬ್ಬ ಮುದುಕಿ ಹುಟ್ಟಿಕೊಂಡಳು. ಒಂಟಿ ಹೆಂಗಸು. ಗೋಡೆಯ ಮೇಲೆ ನಿಂತ ಗಡಿಯಾರ. ಬೆಳಿಗ್ಗೆ ಎದ್ದು ಒಂದೇ ಬೆರಳಿನಲ್ಲಿ ಅಷ್ಟುದ್ದ ಟೈಪ್ ಮಾಡಿ, ಜಾಹೀರಾತು ನೋಡಿ, ನಾಳೆ ಕರೆಸಿದರಾಯಿತು ಎಂದು ಸುಮ್ಮನಾಗುತ್ತಾಳೆ. ಭಾನುವಾರ ಮಗಳು ಬರುತ್ತಾಳೇನೋ, ಅವತ್ತು ಗಡಿಯಾರದ ನೆನಪಾಗುವುದಿಲ್ಲ. ಒಮ್ಮೆ ನಾಲ್ಕು ದಿನ ಸೊನ್ನೆ ಬಂದಾಗ ಶೀಟಕ್ಕನಿಗೆ ಊಟ ಸೇರಲಿಲ್ಲ; ಜ್ವರವೋ ಏನೋ, ನೋಡಿಕೊಳ್ಳುವವರು ಯಾರಿದ್ದಾರೋ. ಐದನೇ ದಿನ ಮತ್ತೆ ಒಂದು ಬಂತು. "ಬಂದ್ಯೇನೇ ತಾಯಿ" ಎಂದು ಗೊಣಗಿಯೇ ಅದನ್ನು ಶೀಟಿಗೆ ಒತ್ತಿದಳು.

ಭಾನುವಾರ ಫೋನ್ ಮಾಡುವ ತಂಗಿಗೂ ಹೇಳಿದ್ದಳು. "ಅವಳ ಗಡಿಯಾರ ಇನ್ನೂ ನಿಂತೇ ಇದೆ ಕಣೇ."

"ಯಾರ್ದು?"

"ಯಾರೋ ಗೊತ್ತಿಲ್ಲ."

"ಅಕ್ಕಾ, ನೀನು ಒಂದು ವಾರ ರಜ ಹಾಕಿ ನಮ್ಮನೆಗೆ ಬಾ," ಎಂದಳು ತಂಗಿ. ಶೀಟಕ್ಕ ಮಾತು ಬದಲಿಸಿದಳು.

ಅಷ್ಟರಲ್ಲಿ ಆಫೀಸಿನ ಬಾಸು ಒಂದು ಸುದ್ದಿ ತಂದ. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, ಕೆಟ್ಟವನಲ್ಲ. "ಅಕ್ಕಾ, ಸೋಮವಾರದಿಂದ ನಿಮ್ಗೆ ಈ ಗೋಳಿಲ್ಲ. ಕನೆಕ್ಟರ್ ಅಂತ ಒಂದು ಹಾಕಿದೀನಿ. ದಿನಾ ಬೆಳಿಗ್ಗೆ ಎಂಟಕ್ಕೆ ನಿನ್ನೆದನ್ನೆಲ್ಲ ತಾನೇ ಎಳ್ಕೊಂಡು ಬಂದು ಶೀಟು ತುಂಬುತ್ತೆ. ನೀವು ನೋಡಿದ್ರೆ ಸಾಕು."

"ನೋಡೋದನ್ನೂ ಅದೇ ಮಾಡ್ಕೊಳ್ಳಲ್ವಾ ಸಾರ್?"

ಅವನು ನಕ್ಕ. "ಅಂಗಡಿಯವ್ರ ಜತೆ ಮಾತಾಡೋಕೆ ಜನ ಬೇಕಲ್ಲಕ್ಕಾ. ಇನ್ಮೇಲೆ ಫೋನಿನ ಕೆಲಸ ನಿಮ್ದು." ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು ಎನ್ನುವವಳಿಗೆ ಫೋನಿನ ಕೆಲಸ!

ಸೋಮವಾರ ಬಂದು ನೋಡಿದರೆ ಶೀಟು ತುಂಬಿ ತುಳುಕುತ್ತಿತ್ತು. ನಿನ್ನೆಯದು ಮಾತ್ರವಲ್ಲ, ಹಿಂದಿನ ಎಂಟು ತಿಂಗಳದ್ದನ್ನೆಲ್ಲ ಕನೆಕ್ಟರ್ ಎಳೆದು ತಂದಿತ್ತು. ಅದಕ್ಕೆ ಶೀಟಕ್ಕನ ಹಾಗೆ ಎರಡು ದಿನ ಸೇರಿಸುವ ಅಭ್ಯಾಸವಿಲ್ಲ. ಒಂದೊಂದು ದಿನಕ್ಕೂ ಒಂದೊಂದು ಸಾಲು, ಜತೆಗೆ ಅವಳು ಎಂದೂ ಇಳಿಸಿರದ ಇನ್ನೊಂದು ಕಾಲಂ: ಗಂಟೆ. ಅವಳು ನೇರವಾಗಿ ಹೋಗಿದ್ದು ಗಡಿಯಾರದವರ ಸಾಲಿಗೆ. ಎಲ್ಲ ದಿನವೂ ಬೆಳಿಗ್ಗೆ ಎಂಟರಿಂದ ಒಂಬತ್ತರೊಳಗೆ. ಎಲ್ಲ ಭಾನುವಾರವೂ ಸೊನ್ನೆ. ಅಂಗಡಿಗೆ ಭಾನುವಾರ ರಜ. ಬಾಗಿಲು ತೆಗೆಯುವುದು ಎಂಟೂವರೆಗೆ. ಸೊನ್ನೆ ಬಂದ ಆ ನಾಲ್ಕು ದಿನದ ತಾರೀಖು ನೋಡಿದಳು. ಗಡಿಯಾರದವರಿಗೆ ಕಣ್ಣಿನ ಆಪರೇಷನ್ ಆಗಿದ್ದು ಅದೇ ವಾರ. ಅವರೇ ಫೋನ್ ಮಾಡಿ ಹೇಳಿದ್ದರು.

ಮುದುಕಿ ಇರಲಿಲ್ಲ. ನಿಂತ ಗಡಿಯಾರವೂ ಇರಲಿಲ್ಲ. ತಮ್ಮ ಜಾಹೀರಾತನ್ನು ತಾವೇ ಹುಡುಕುತ್ತಿದ್ದರು, ಅಷ್ಟೇ. ಜಾಹೀರಾತಿಗೆ ಹೊಸಬರೆಲ್ಲ ಮಾಡುವ ತಪ್ಪು ಅದು. ಹುಟ್ಟದೇ ಇದ್ದವಳಿಗಾಗಿ ಅಳುವುದು ನಾಚಿಕೆಯ ವಿಷಯ. ಆದರೂ ಶೀಟಕ್ಕನಿಗೆ ಅಳು ಬಂತು, ಕನ್ನಡಕ ಒರೆಸುವ ನೆವ ಮಾಡಿಕೊಂಡು ಅತ್ತಳು.

ಮೂಗು ಒರೆಸಿಕೊಂಡು ಹೊಸ ಕೆಲಸ ಶುರು ಮಾಡಿದಳು. "ನಮಸ್ಕಾರ ಯಜಮಾನ್ರೇ, ಜಾಹೀರಾತು ಆಫೀಸಿಂದ."

"ಹೇಳಮ್ಮಾ! ಯಾರಾದ್ರೂ ಕೇಳಿದ್ರಾ?"

"ದಿನಾ ಬೆಳಿಗ್ಗೆ ನಿಮ್ಮ ಜಾಹೀರಾತನ್ನ ನೀವೇ ಹುಡುಕ್ತೀರಾ?"

ಆ ಕಡೆಯಿಂದ ಅಂಗಡಿಯ ಸದ್ದು ಕೇಳಿಸಿತು. ಹತ್ತಾರು ಗಡಿಯಾರಗಳ ಟಿಕ್ ಟಿಕ್, ಒಂದಕ್ಕೊಂದು ಹೊಂದದೆ.

"ತಪ್ಪಾ ಅಮ್ಮಾ?"

"ತಪ್ಪು ಅಂತಲ್ಲ. ಕಾಣ್ಸಿದ್ದನ್ನ ಯಾರೂ ಒತ್ತಲ್ಲ ಅಂದ್ರೆ, ಯಾರಿಗೂ ಬೇಡ ಅನ್ಕೊಂಡು ಅದು ನಿಮ್ಮನ್ನ ಕೆಳಗೆ ತಳ್ಳತ್ತೆ."

"ಒತ್ತಿದ್ರೆ ನನಗೇ ಖರ್ಚು ಅಂತ ಒತ್ತಲ್ಲ. ಅಷ್ಟು ಬುದ್ಧಿ ಇದೆ." ಆಮೇಲೆ ಹೇಳಿದರು: "ಬಾಗಿಲು ತೆಗ್ದು, ಕಸ ಹೊಡ್ದು, ಕೂತ್ಕೊಂಡ ಮೇಲೆ ಮಾಡೋಕೆ ಏನಿದೆ ಹೇಳು. ಫೋನ್ ತೆಗ್ದು ನೋಡ್ತೀನಿ. ನನ್ನ ಅಂಗಡಿ ಮೇಲೇ ಬರತ್ತೆ. ಸರಿ, ಇನ್ನೂ ಇದೀನಿ ಅನ್ಸತ್ತೆ."

ಹುಡುಕಿಕೊಳ್ಳಿ ಬಿಡಿ ಎನ್ನಬೇಕೆನಿಸಿತು ಶೀಟಕ್ಕನಿಗೆ. ಆದರೆ ಇಂಥ ಅಂಗಡಿಯವರಿಗೆ ಹೇಳಲೆಂದು ಬಾಸು ಬರೆದುಕೊಟ್ಟ ಮಾತು ಎದುರಿಗೇ ಇತ್ತು, ಅದನ್ನೇ ಓದಿದಳು. ಇನ್ನು ಮೇಲೆ ಹುಡುಕಬೇಡಿ, ಶೀಟಿನ ಲಿಂಕ್ ಕಳಿಸುತ್ತೇನೆ, ಬೇಕಾದಾಗ ಫೋನಿನಲ್ಲೇ ನೋಡಿಕೊಳ್ಳಿ.

"ಆಗ್ಲಮ್ಮ," ಎಂದರು ಅವರು. ಒಳ್ಳೆಯ ಮನುಷ್ಯ, ಹೇಳಿದ ಹಾಗೆ ಕೇಳಿದರು.

ಮರುದಿನ ಶೀಟಿಗೆ ಬಂದ ಒಂದು, ಅವರು ಸೋಮವಾರ ಫೋನಿಗೆ ಮೊದಲೇ ಹುಡುಕಿದ್ದರ ಲೆಕ್ಕ. ಅಲ್ಲಿಂದ ಮುಂದೆ ಸೊನ್ನೆ. ಗುರುವಾರ ಸೊನ್ನೆ, ಶುಕ್ರವಾರವೂ ಸೊನ್ನೆ. ಇಳಿಸುವ ಕೆಲಸವಿಲ್ಲದ ಬೆಳಗುಗಳಲ್ಲಿ ಕೈ ಕಟ್ಟಿಕೊಂಡು ಅದನ್ನೇ ನೋಡುತ್ತಿದ್ದಳು. ಶನಿವಾರ ಅವರೇ ಫೋನ್ ಮಾಡಿದರು.

"ಅಮ್ಮಾ, ಇವತ್ತೂ ಸೊನ್ನೆ."

"ಹೌದು ಯಜಮಾನ್ರೇ."

"ಏನಿಲ್ಲ, ಹೇಳೋಣ ಅಂತ ಮಾಡ್ದೆ. ಆ ಒಂದು ನಾನೇ ಅಂತ ಗೊತ್ತಿದ್ರೂ, ನೋಡೋಕೆ ಚೆನ್ನಾಗಿರ್ತಿತ್ತು."

ಸೋಮವಾರ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಶೀಟಕ್ಕ ಮನೆಯಲ್ಲಿ ಚಪ್ಪಲಿ ಮೆಟ್ಟಿ, ಬಾಗಿಲ ಬಳಿ ನಿಂತು, ಫೋನ್ ತೆಗೆದಳು. ಆಫೀಸಿಗೆ ಬಂದ ಹೊಸಬರಿಗೆಲ್ಲ ಮೊದಲ ದಿನ ಅವಳೇ ಹೇಳಿಕೊಡುತ್ತಿದ್ದ ಪಾಠ, ನಮ್ಮ ಜಾಹೀರಾತನ್ನು ನಾವು ಹುಡುಕಬಾರದು ಎಂಬುದು. ಕಳ್ಳಿಯ ಹಾಗೆ ಅತ್ತಿತ್ತ ನೋಡಿದಳು, ತನ್ನ ಮನೆಯಲ್ಲೇ! ಒಂದೇ ಬೆರಳಿನಲ್ಲಿ ಅಷ್ಟುದ್ದವನ್ನೂ ಟೈಪ್ ಮಾಡಿದಳು. ಅಂಗಡಿಯ ಹೆಸರು ಬಂತು. ಒತ್ತಲಿಲ್ಲ. ಬಸ್ಸಿಗೆ ಓಡಿದಳು.

ಮಂಗಳವಾರ ಅವಳು ಕುರ್ಚಿಯಲ್ಲಿ ಕೂರುವ ಮೊದಲೇ ಫೋನ್ ಬಡಿದುಕೊಳ್ಳುತ್ತಿತ್ತು.

"ಅಮ್ಮಾ! ಒಂದು ಬಂದಿದೆ! ನಾನಲ್ಲ, ಆಣೆಗೂ ನಾನಲ್ಲ!"

"ನೋಡ್ದೆ ಯಜಮಾನ್ರೇ."

"ನಾನು ಬರೆಸಿದ ಹಾಗೇ ಹುಡುಕಿದಾರೆ, ಒಂದು ಅಕ್ಷರ ಬಿಟ್ಟಿಲ್ಲ. ಎಣ್ಣೆ ಹಾಕಿ ಸಾಮಾನೆಲ್ಲ ಚೀಲಕ್ಕೆ ತುಂಬ್ಕೊಂಡು ಕೂತಿದೀನಿ. ಕರೀತಾರೆ ಅಂತೀಯಾ?"

ನಿಜ ನಾಲಿಗೆಯ ತುದಿಗೆ ಬಂತು. ಹೇಳಿದರೆ ಆ ಚೀಲ ಮತ್ತೆ ಗೋಡೆಯ ಮೊಳೆಗೆ ಹೋಗುತ್ತದೆ. ಹೇಳದಿದ್ದರೆ ಆ ಮನುಷ್ಯ ಬಾಗಿಲ ಕಡೆ ನೋಡುತ್ತಾ ದಿನಗಟ್ಟಲೆ ಕಾಯುತ್ತಾರೆ. ಒಳ್ಳೆಯದು ಮಾಡಲು ಹೋಗಿ ಎಂಥ ಕೆಲಸ ಮಾಡಿಬಿಟ್ಟೆ ಎಂದು ತನ್ನನ್ನೇ ಬೈದುಕೊಂಡಳು.

"ಕರೀತಾರೆ," ಎಂದಳು.

ಸಂಜೆ ಬೇಗ ಮನೆಗೆ ಬಂದಳು. ಎರಡನೆಯ ಕುರ್ಚಿಯ ಮೇಲಿನ ಬಟ್ಟೆಗಳನ್ನೆಲ್ಲ ಎತ್ತಿ ಕಪಾಟಿಗೆ ಸೇರಿಸಿದಳು, ಕುರ್ಚಿ ಒರೆಸಿದಳು. ಗೋಡೆಯ ಮೇಲೆ ಅಮ್ಮನ ಗಡಿಯಾರ ಎಂದಿನಂತೆ ಸರಿಯಾದ ಗಂಟೆ ತೋರಿಸುತ್ತಿತ್ತು. ಇಷ್ಟು ವರ್ಷದಲ್ಲಿ ಒಂದು ದಿನವೂ ಕೆಟ್ಟ ಗಡಿಯಾರವಲ್ಲ. ಸ್ಟೂಲು ಹತ್ತಿ, ಗಾಜಿನ ಬಾಗಿಲು ತೆರೆದು, ಆಡುತ್ತಿದ್ದ ಲೋಲಕವನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದಳು. ಮನೆ ಅಷ್ಟು ನಿಶ್ಶಬ್ದವಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಧ್ವನಿ ಗುರುತು ಹಿಡಿಯುತ್ತಾರೆ. ಹಿಡಿಯಲಿ ಎಂದುಕೊಂಡು ಫೋನ್ ಮಾಡಿದಳು.

"ಯಜಮಾನ್ರೇ, ನಮ್ಮನೇಲಿ ಒಂದು ಹಳೇ ಗೋಡೆ ಗಡಿಯಾರ ಇದೆ. ನಿಂತ್ಹೋಗಿದೆ. ಮನೆಗೆ ಬಂದು ನೋಡ್ತೀರಾ?"

ಆ ಕಡೆ ಟಿಕ್ ಟಿಕ್ ನಡುವೆ ಚೀಲದ ಸಾಮಾನು ಸದ್ದು ಮಾಡಿತು. ಆಮೇಲೆ ಅವರು ಮೆಲ್ಲಗೆ ಕೇಳಿದರು: "ಯಾವಾಗಿಂದ ನಿಂತಿದೆಯಮ್ಮಾ?"

"ತುಂಬಾ ದಿನ ಆಯ್ತು," ಎಂದಳು ಶೀಟಕ್ಕ. ನಿಂತು ಐದು ನಿಮಿಷವೂ ಆಗಿರಲಿಲ್ಲ.